ಟ್ಯೂಕ್ಸ್‌ಬರಿ

ಟ್ಯೂಕ್ಸ್‌ಬರಿ ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಕೌಂಟಿಯ ಉತ್ತರ ಭಾಗದಲ್ಲಿರುವ ಒಂದು ಚಿಕ್ಕ ಪಟ್ಟಣ. ಇದು ಸೆವರ್ನ್ ಮತ್ತು ಏವನ್ ನದಿಗಳ ಸಂಗಮದಲ್ಲಿ ನೆಲೆಸಿದೆ. 12ನೆಯ ಶತಮಾನದ ಆಬಿ (ಕ್ರೈಸ್ತ ಮಠದ ಚರ್ಚು), 1471ರಲ್ಲಿ ಊರಿನ ಹೊರವಲಯದಲ್ಲಿ ನಡೆದ ಟ್ಯೂಕ್ಸ್‌ಬರಿ ಕದನ, ಮರದ ಚೌಕಟ್ಟಿನ ಹಳೆಯ ಮನೆಗಳು ಮತ್ತು ಅವುಗಳ ನಡುವಿನ ಇಕ್ಕಟ್ಟಾದ ಓಣಿಗಳಿಂದಾಗಿ ಪಟ್ಟಣವು ಪ್ರಸಿದ್ಧವಾಗಿದೆ. 2011ರ ಜನಗಣತಿಯ ವೇಳೆಗೆ ಪಟ್ಟಣದ ಜನಸಂಖ್ಯೆ ಸುಮಾರು 10 ಸಾವಿರವಿತ್ತು. ಸುತ್ತಲಿನ ಹಳ್ಳಿಗಳನ್ನೂ ಒಳಗೊಂಡ ಟ್ಯೂಕ್ಸ್‌ಬರಿ ಬರೋ ಎಂಬ ಆಡಳಿತ ಜಿಲ್ಲೆಗೂ ಇದೇ ಹೆಸರಿದೆ.

ಊರಿನ ಮೂರು ದಿಕ್ಕುಗಳಲ್ಲಿ ನದಿ, ತೊರೆ ಮತ್ತು ನೆರೆಬಯಲುಗಳಿವೆ. ಆದ್ದರಿಂದ ಶತಮಾನಗಳ ಕಾಲ ಪಟ್ಟಣವು ಹೊರಕ್ಕೆ ಹರಡಲಾಗದೆ ತನ್ನೊಳಗೇ ದಟ್ಟವಾಗಿ ಬೆಳೆಯಿತು. ಇಂದು ಕಾಣುವ ಮಧ್ಯಯುಗದ ಬೀದಿಗಳ ವಿನ್ಯಾಸವು ಉಳಿದಿರುವುದಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು. ಅದೇ ನದಿಗಳ ಪ್ರವಾಹವು ಊರಿಗೆ ನಿರಂತರ ಅಪಾಯವೂ ಆಗಿದೆ. 2007ರ ಜುಲೈ ತಿಂಗಳ ಮಹಾಪೂರದಲ್ಲಿ ಪಟ್ಟಣವು ಹೊರಜಗತ್ತಿನ ಸಂಪರ್ಕವನ್ನು ಕಳೆದುಕೊಂಡು ದ್ವೀಪದಂತಾಗಿತ್ತು.

ಹೆಸರಿನ ಮೂಲ

ಸ್ಥಳೀಯ ಐತಿಹ್ಯದ ಪ್ರಕಾರ 7ನೆಯ ಶತಮಾನದಲ್ಲಿ ಥಿಯೋಕ್ ಎಂಬ ಸ್ಯಾಕ್ಸನ್ ವಿರಕ್ತನು ಇಲ್ಲಿ ಕುಟೀರ ಕಟ್ಟಿಕೊಂಡು ವಾಸವಾಗಿದ್ದನು. ಅವನ ಹೆಸರಿಗೆ ಕೋಟೆ ಅಥವಾ ಭದ್ರವಾದ ನೆಲೆ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದವು ಸೇರಿ ಊರಿಗೆ ಈ ಹೆಸರು ಬಂದಿತೆಂದು ಹೇಳಲಾಗುತ್ತದೆ. ಪಟ್ಟಣದ ಉತ್ತರಕ್ಕಿರುವ ದಿಬ್ಬದ ಹೆಸರು ಮೈದ್. ನದಿಗಳು ಕೂಡುವ ಸ್ಥಳ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದವೇ ಇದರ ಮೂಲವೆಂದು ಪರಿಗಣಿಸಲಾಗಿದೆ.

ಭೌಗೋಳಿಕ ನೆಲೆ

ಟ್ಯೂಕ್ಸ್‌ಬರಿಯು ಗ್ಲಾಸ್ಟರ್ ನಗರದ ಉತ್ತರಕ್ಕೆ ಸುಮಾರು 16 ಕಿ.ಮೀ., ಚೆಲ್ಟನ್‌ಹ್ಯಾಮ್‌ನ ವಾಯವ್ಯಕ್ಕೆ ಸುಮಾರು 13 ಕಿ.ಮೀ. ಮತ್ತು ವುಸ್ಟರ್ ನಗರದ ದಕ್ಷಿಣಕ್ಕೆ ಸುಮಾರು 24 ಕಿ.ಮೀ. ದೂರದಲ್ಲಿದೆ. ಸೆವರ್ನ್ ಕಣಿವೆಯ ಸಮತಟ್ಟಾದ ಬಯಲಿನಲ್ಲಿರುವ ಊರಿನ ಪೂರ್ವಕ್ಕೆ ಕಾಟ್ಸ್‌ವೋಲ್ಡ್ ಬೆಟ್ಟಗಳೂ ಈಶಾನ್ಯಕ್ಕೆ ಬ್ರೀಡನ್ ಗುಡ್ಡವೂ ವಾಯವ್ಯಕ್ಕೆ ಮಾಲ್ವರ್ನ್ ಬೆಟ್ಟಸಾಲೂ ಕಾಣಿಸುತ್ತವೆ.

ಸೆವರ್ನ್ ಗ್ರೇಟ್ ಬ್ರಿಟನ್ನಿನ ಅತ್ಯಂತ ಉದ್ದವಾದ ನದಿ. ಸುಮಾರು 354 ಕಿ.ಮೀ. ಉದ್ದದ ಈ ನದಿಯು ವೇಲ್ಸ್‌ನ ಬೆಟ್ಟಗಳಲ್ಲಿ ಹುಟ್ಟಿ, ಶ್ರೂಸ್‌ಬರಿ ಮತ್ತು ವುಸ್ಟರ್‌ಗಳನ್ನು ಹಾದು ಟ್ಯೂಕ್ಸ್‌ಬರಿಗೆ ಬರುತ್ತದೆ. ಇಲ್ಲಿಂದ ಮುಂದೆ ಗ್ಲಾಸ್ಟರ್‌ನ ಮೂಲಕ ಹರಿದು ಬ್ರಿಸ್ಟಲ್ ಕಾಲುವೆಯನ್ನು ಸೇರುತ್ತದೆ. ಇಂಗ್ಲೆಂಡಿನಲ್ಲಿ ಏವನ್ ಎಂಬ ಹೆಸರಿನ ಹಲವು ನದಿಗಳಿವೆ. ಟ್ಯೂಕ್ಸ್‌ಬರಿಯಲ್ಲಿ ಸೆವರ್ನ್‌ಗೆ ಕೂಡುವ ಏವನ್, ವಾರಿಕ್ ಹಾಗೂ ಷೇಕ್ಸ್‌ಪಿಯರನ ಹುಟ್ಟೂರಾದ ಸ್ಟ್ರಾಟ್‌ಫರ್ಡ್‌ಗಳ ಮೂಲಕ ಹರಿದುಬರುವ ನದಿ. ಇವೆರಡಲ್ಲದೆ ಕ್ಯಾರಂಟ್ ಎಂಬ ತೊರೆಯು ಉತ್ತರದಲ್ಲಿಯೂ ಸ್ವಿಲ್ಗೇಟ್ ಎಂಬ ಇನ್ನೊಂದು ತೊರೆಯು ದಕ್ಷಿಣದಲ್ಲಿಯೂ ಊರನ್ನು ಸುತ್ತುವರಿದಿವೆ.

ಏವನ್ ನದಿಯು ಪಟ್ಟಣದ ಬಳಿ ಕವಲೊಡೆಯುತ್ತದೆ. ಒಂದು ಕವಲು ನೇರವಾಗಿ ಸೆವರ್ನ್ ನದಿಯನ್ನು ಕೂಡುತ್ತದೆ. ಮಿಲ್ ಏವನ್ ಎಂದು ಕರೆಯಲಾಗುವ ಇನ್ನೊಂದು ಕವಲು ಊರಿನ ಪಶ್ಚಿಮದ ಅಂಚಿಗೆ ಒತ್ತಿಕೊಂಡು ಹರಿದು, ಸ್ವಲ್ಪ ದೂರ ದಕ್ಷಿಣದಲ್ಲಿ ಸೆವರ್ನ್‌ಗೆ ಸೇರುತ್ತದೆ. ಈ ಎರಡನೆಯದು ಸಹಜವಾದ ಕವಲಲ್ಲ, ತಮ್ಮ ಹಿಟ್ಟಿನ ಗಿರಣಿಯನ್ನು ನಡೆಸಲು ಮಠದ ಸಂನ್ಯಾಸಿಗಳು ತೋಡಿಸಿದ ಕಾಲುವೆ ಎಂದು ಹೇಳಲಾಗುತ್ತದೆ. ಮಿಲ್ ಏವನ್ ಮತ್ತು ಸೆವರ್ನ್ ನದಿಗಳ ನಡುವಿನ ವಿಶಾಲವಾದ ಹುಲ್ಲುಗಾವಲೇ ಸೆವರ್ನ್ ಹ್ಯಾಮ್.

ಪಟ್ಟಣವು ಸುತ್ತಲಿನ ಬಯಲಿಗಿಂತ ಕೆಲವೇ ಅಡಿಗಳಷ್ಟು ಎತ್ತರದ ನೆಲದ ಮೇಲೆ ನಿಂತಿದೆ. ಆಬಿ ಮತ್ತು ಮೂರು ಹಳೆಯ ಬೀದಿಗಳು ಈ ಎತ್ತರದ ನೆಲವನ್ನು ಪೂರ್ತಿಯಾಗಿ ಬಳಸಿಕೊಂಡಿವೆ. ಸಾಧಾರಣ ನೆರೆಯ ವರ್ಷಗಳಲ್ಲಿ ಹ್ಯಾಮ್ ಮುಳುಗಿದರೂ ಊರಿನ ಹೃದಯಭಾಗವು ಒಣಗಿಯೇ ಉಳಿಯುವುದು ಇದರಿಂದಲೇ.

ಇತಿಹಾಸ

ಮಠದ ಸ್ಥಾಪನೆ

8ನೆಯ ಶತಮಾನದ ಆರಂಭದಲ್ಲಿಯೇ ಇಲ್ಲೊಂದು ಸ್ಯಾಕ್ಸನ್ ಮಠವಿತ್ತೆಂಬ ಪ್ರತೀತಿಯಿದೆ. ಆದರೆ ಊರಿನ ನಿಜವಾದ ಬೆಳವಣಿಗೆ ಪ್ರಾರಂಭವಾದುದು ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ. ರಾಜನಿಂದ ಟ್ಯೂಕ್ಸ್‌ಬರಿಯ ಜಹಗೀರನ್ನು ಪಡೆದ ರಾಬರ್ಟ್ ಫಿಟ್ಸ್‌ಹ್ಯಾಮನ್ ಎಂಬ ಸರದಾರನು ಇಲ್ಲಿ ಬೆನೆಡಿಕ್ಟೀನ್ ಪಂಥದ ಸಂನ್ಯಾಸಿಗಳಿಗಾಗಿ ಹೊಸ ಮಠವನ್ನು ಕಟ್ಟಿಸತೊಡಗಿದನು. ನಿರ್ಮಾಣಕಾರ್ಯವು 1102ರ ಸುಮಾರಿಗೆ ಆರಂಭವಾಯಿತು. ಫ್ರಾನ್ಸಿನ ಕಾನ್ ಪ್ರದೇಶದಿಂದ ಕಲ್ಲುಗಳನ್ನು ಹಡಗುಗಳಲ್ಲಿ ತಂದು, ಸೆವರ್ನ್ ನದಿಯ ಮೂಲಕ ಇಲ್ಲಿಗೆ ಸಾಗಿಸಲಾಯಿತು. ಫಿಟ್ಸ್‌ಹ್ಯಾಮನ್ 1107ರಲ್ಲಿ ಮರಣ ಹೊಂದಿದನು. 1121ರಲ್ಲಿ ಚರ್ಚಿನ ಪ್ರತಿಷ್ಠಾಪನೆ ನೆರವೇರಿತು.

ಫಿಟ್ಸ್‌ಹ್ಯಾಮನ್‌ನ ಬಳಿಕ ಜಹಗೀರು ವಿವಾಹಸಂಬಂಧಗಳ ಮೂಲಕ ಇಂಗ್ಲೆಂಡಿನ ಪ್ರಬಲ ಮನೆತನಗಳ ಕೈಗೆ ಸಾಗಿತು. ಡಿ ಕ್ಲೇರ್ ಮನೆತನದ ಕೊನೆಯ ಅರ್ಲ್ ಗಿಲ್ಬರ್ಟ್ 1314ರಲ್ಲಿ ಬ್ಯಾನಕ್‌ಬರ್ನ್ ಕದನದಲ್ಲಿ ಸ್ಕಾಟರ ವಿರುದ್ಧ ಹೋರಾಡಿ ಮಡಿದಾಗ, ಅವನ ಸಹೋದರಿ ಎಲಿನೋರ್‌ಳ ಮೂಲಕ ಟ್ಯೂಕ್ಸ್‌ಬರಿಯು ಡಿಸ್ಪೆನ್ಸರ್ ಮನೆತನಕ್ಕೆ ಸೇರಿತು. ಈ ಮನೆತನಗಳ ಅನೇಕರನ್ನು ಆಬಿಯೊಳಗೇ ಸಮಾಧಿ ಮಾಡಲಾಗಿದೆ.

ಟ್ಯೂಕ್ಸ್‌ಬರಿ ಕದನ

15ನೆಯ ಶತಮಾನದಲ್ಲಿ ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಲ್ಯಾಂಕಾಸ್ಟರ್ ಮತ್ತು ಯಾರ್ಕ್ ವಂಶಗಳ ನಡುವೆ ನಡೆದ ಯುದ್ಧಗಳನ್ನು ಗುಲಾಬಿ ಕದನಗಳೆಂದು ಕರೆಯಲಾಗುತ್ತದೆ. ಅವುಗಳ ಒಂದು ನಿರ್ಣಾಯಕ ಘಟ್ಟವು 1471ರ ಮೇ 4ರಂದು ಟ್ಯೂಕ್ಸ್‌ಬರಿಯಲ್ಲಿ ನಡೆಯಿತು. ಈ ಸ್ಥಳದಲ್ಲಿಯೇ ಕದನ ನಡೆಯಲು ಸೆವರ್ನ್ ನದಿಯೇ ಕಾರಣವಾಯಿತು.

ಲ್ಯಾಂಕಾಸ್ಟರ್ ಪಕ್ಷದ ದೊರೆ 6ನೆಯ ಹೆನ್ರಿಯು ಆಗ ಲಂಡನ್ನಿನಲ್ಲಿ ಸೆರೆಯಲ್ಲಿದ್ದನು. ಅವನ ರಾಣಿ ಮಾರ್ಗರೆಟ್ ಆಫ್ ಆಂಜೂ ತನ್ನ 17 ವರ್ಷದ ಮಗ ರಾಜಕುಮಾರ ಎಡ್ವರ್ಡ್‌ನೊಡನೆ ಫ್ರಾನ್ಸಿನಿಂದ ಬಂದು ಏಪ್ರಿಲ್ 14ರಂದು ಇಂಗ್ಲೆಂಡಿನ ದಕ್ಷಿಣ ತೀರದ ವೇಮತ್‌ನಲ್ಲಿ ಇಳಿದಳು. ಅದೇ ದಿನ ಬಾರ್ನೆಟ್ ಕದನದಲ್ಲಿ ಅವಳ ಪಕ್ಷದ ಇನ್ನೊಂದು ಸೇನೆ ಸೋತಿತು. ವೇಲ್ಸ್‌ನಲ್ಲಿ ಬೆಂಬಲಿಗರನ್ನು ಒಗ್ಗೂಡಿಸುತ್ತಿದ್ದ ಜ್ಯಾಸ್ಪರ್ ಟ್ಯೂಡರ್‌ನನ್ನು ಸೇರಿಕೊಳ್ಳುವುದೊಂದೇ ಆಕೆಗೆ ಉಳಿದ ಮಾರ್ಗವಾಗಿತ್ತು. ಅದಕ್ಕೆ ಸೆವರ್ನ್ ನದಿಯನ್ನು ದಾಟುವುದು ಅನಿವಾರ್ಯವಾಗಿತ್ತು. ಆದರೆ ಮೇ 3ರ ಬೆಳಿಗ್ಗೆ ಗ್ಲಾಸ್ಟರ್ ನಗರವು ರಾಣಿಯ ಸೇನೆಗೆ ತನ್ನ ಕೋಟೆಬಾಗಿಲುಗಳನ್ನು ತೆರೆಯಲಿಲ್ಲ. ಅಲ್ಲಿನ ಸೇತುವೆಯು ಕೈತಪ್ಪಿದ್ದರಿಂದ ಸೇನೆಯು ಉತ್ತರಕ್ಕೆ ನಡೆದು, ಅಂದು ಸಂಜೆಯ ಹೊತ್ತಿಗೆ ಬಳಲಿ ಟ್ಯೂಕ್ಸ್‌ಬರಿಯನ್ನು ತಲುಪಿತು. ಊರಿನ ಸಮೀಪದಲ್ಲಿ ಲೋಯರ್ ಲೋಡ್ ಎಂಬ ನದಿ ದಾಟುವ ತಾಣವಿತ್ತು. ಬೆನ್ನಟ್ಟಿ ಬರುತ್ತಿದ್ದ ಯಾರ್ಕ್ ವಂಶದ ದೊರೆ 4ನೆಯ ಎಡ್ವರ್ಡ್ ಅಷ್ಟರಲ್ಲಿ ಕೆಲವೇ ಮೈಲಿಗಳಷ್ಟು ಹತ್ತಿರ ಬಂದಿದ್ದನು. ನದಿಯನ್ನು ದಾಟುವಾಗಲೇ ದಾಳಿಗೆ ಸಿಲುಕುವ ಅಪಾಯವಿದ್ದುದರಿಂದ ಲ್ಯಾಂಕಾಸ್ಟರ್ ಸೇನೆಯು ಆಬಿಯ ದಕ್ಷಿಣದ ಬೇಲಿ, ಹಳ್ಳಕೊಳ್ಳಗಳ ನೆಲದಲ್ಲಿ ವ್ಯೂಹ ರಚಿಸಿ ನಿಂತಿತು.

ಮರುದಿನದ ಕದನದಲ್ಲಿ ಲ್ಯಾಂಕಾಸ್ಟರ್ ಸೇನಾಪತಿ ಸಾಮರ್‌ಸೆಟ್‌ನ ಡ್ಯೂಕ್ ಎಡ್ಮಂಡ್ ಬೋಫರ್ಟ್ ತನ್ನ ದಂಡಿನೊಡನೆ ಮುನ್ನುಗ್ಗಿದನು. ದೊರೆ ಎಡ್ವರ್ಡ್‌ನ ದಳವೂ ಅವನ ತಮ್ಮ ರಿಚರ್ಡ್‌ನ (ಮುಂದೆ 3ನೆಯ ರಿಚರ್ಡ್ ಎಂಬ ಹೆಸರಿನಿಂದ ಪಟ್ಟವೇರಿದವನು) ದಳವೂ ಅವನನ್ನು ಎದುರಿಸಿದವು. ಸಮೀಪದ ಕಾಡಿನಲ್ಲಿ ಅಡಗಿಸಿಟ್ಟಿದ್ದ 200 ಮಂದಿ ಈಟಿಗಾರರು ಪಾರ್ಶ್ವದಿಂದ ಎರಗಿದಾಗ ಸಾಮರ್‌ಸೆಟ್‌ನ ದಂಡು ಚದುರಿತು. ಓಡಿಹೋಗಲು ಯತ್ನಿಸಿದವರಿಗೆ ನದಿಗಳೇ ಅಡ್ಡವಾದವು. ಅನೇಕರು ಹತರಾದರು, ಹಲವರು ನೀರಿನಲ್ಲಿ ಮುಳುಗಿದರು. ಸೋತವರ ಹತ್ಯೆ ನಡೆದ ಹುಲ್ಲುಗಾವಲನ್ನು ಇಂದಿಗೂ ನೆತ್ತರಗಾವಲು ಎಂಬ ಅರ್ಥದ ಬ್ಲಡಿ ಮೆಡೋ ಎಂಬ ಹೆಸರಿನಿಂದ ಗುರುತಿಸಲಾಗುತ್ತದೆ. ರಾಜಕುಮಾರ ಎಡ್ವರ್ಡ್‌ನೂ ಅಂದು ಪ್ರಾಣ ಕಳೆದುಕೊಂಡನು.

ಸಾಮರ್‌ಸೆಟ್ ಮತ್ತು ಇನ್ನು ಕೆಲವರು ಆಬಿಯೊಳಗೆ ಆಶ್ರಯ ಪಡೆದರು. ಚರ್ಚಿನಲ್ಲಿ ಶರಣು ಹೊಕ್ಕವರನ್ನು ಮುಟ್ಟಬಾರದೆಂಬ ನಂಬಿಕೆಯಿದ್ದರೂ ಅವರನ್ನು ಹೊರತರಲಾಯಿತು. ವಿಚಾರಣೆಯ ನಂತರ ಮೇ 6ರಂದು ಸಾಮರ್‌ಸೆಟ್ ಮತ್ತು ಅವನ ಸಂಗಡಿಗರ ಶಿರಚ್ಛೇದನವು ಊರಿನ ನಡುವೆಯೇ ನಡೆಯಿತು. ರಕ್ತಪಾತದಿಂದ ಮೈಲಿಗೆಯಾದ ಆಬಿಯನ್ನು ಮತ್ತೆ ಶುದ್ಧೀಕರಿಸಬೇಕಾಯಿತು. ಕೆಲವು ದಿನಗಳಲ್ಲಿ ರಾಣಿ ಮಾರ್ಗರೆಟ್ ಸೆರೆಸಿಕ್ಕಳು. ಅದೇ ಮೇ 21ರಂದು ಲಂಡನ್ ಗೋಪುರದಲ್ಲಿ 6ನೆಯ ಹೆನ್ರಿಯ ಜೀವನವೂ ಕೊನೆಗೊಂಡಿತು. ಇದರಿಂದ ಲ್ಯಾಂಕಾಸ್ಟರ್ ವಂಶದ ನೇರ ಸಂತತಿಯು ಅಳಿಯಿತು. ಮುಂದಿನ 14 ವರ್ಷ ಸಿಂಹಾಸನವು ಯಾರ್ಕ್ ವಂಶದಲ್ಲಿಯೇ ಉಳಿಯಿತು.

ಮಠದ ವಿಸರ್ಜನೆ ಮತ್ತು ಊರವರ ಖರೀದಿ

8ನೆಯ ಹೆನ್ರಿಯು ರೋಮಿನ ಪೋಪ್‌ನೊಂದಿಗಿನ ಸಂಬಂಧ ಕಡಿದುಕೊಂಡ ನಂತರ ಇಂಗ್ಲೆಂಡಿನ ಎಲ್ಲ ಮಠಗಳನ್ನು ಮುಚ್ಚಿಸಿ ಅವುಗಳ ಆಸ್ತಿಯನ್ನು ವಶಪಡಿಸಿಕೊಂಡನು. ಟ್ಯೂಕ್ಸ್‌ಬರಿಯ ಮಠವು 1540ರ ಜನವರಿ 9ರಂದು ರಾಜನ ಅಧಿಕಾರಿಗಳಿಗೆ ಶರಣಾಯಿತು. ಇದರ ಕೊನೆಯ ಮಠಾಧಿಪತಿಯಾಗಿದ್ದ ಜಾನ್ ವೇಕ್‌ಮನ್ ಮರುವರ್ಷ ಗ್ಲಾಸ್ಟರ್‌ನ ಮೊದಲ ಬಿಷಪ್ಪನಾದನು.

ಇಂತಹ ಮಠಗಳ ಚರ್ಚುಗಳನ್ನು ಸಾಮಾನ್ಯವಾಗಿ ಕೆಡವಿ, ಛಾವಣಿಯ ಸೀಸವನ್ನು ಕರಗಿಸಿ, ಕಲ್ಲುಗಳನ್ನು ಮಾರಲಾಗುತ್ತಿತ್ತು. ಟ್ಯೂಕ್ಸ್‌ಬರಿಯಲ್ಲಿ ಹಾಗಾಗಲಿಲ್ಲ. ಆಬಿಯ ಪಶ್ಚಿಮಾರ್ಧದ ಸಭಾಂಗಣವನ್ನು ಊರಿನ ಜನರು ಮೊದಲಿನಿಂದಲೂ ತಮ್ಮ ಪ್ರಾರ್ಥನೆಗೆ ಬಳಸುತ್ತಿದ್ದರು. ಆ ಹಕ್ಕನ್ನು ಮುಂದಿಟ್ಟು ಅವರು ಉಳಿದ ಭಾಗವನ್ನೂ ತಮಗೆ ಮಾರಬೇಕೆಂದು ಕೋರಿದರು. ಛಾವಣಿಯ ಸೀಸ ಮತ್ತು ಘಂಟೆಗಳ ಲೋಹದ ಬೆಲೆಯೆಂದು ಅಂದಾಜು ಮಾಡಲಾದ 453 ಪೌಂಡುಗಳನ್ನು ತೆತ್ತು ಇಡೀ ಚರ್ಚನ್ನು ಕೊಂಡರು. ಸಂನ್ಯಾಸಿಗಳ ವಾಸದ ಕಟ್ಟಡಗಳಲ್ಲಿ ಬಹುಪಾಲು ಮತ್ತು ಚರ್ಚಿನ ಪೂರ್ವತುದಿಯ ಲೇಡಿ ಚ್ಯಾಪೆಲ್ ನಾಶವಾದವು. ಉಳಿದ ಕಟ್ಟಡವು ಇಂದಿಗೂ ಊರಿನ ಚರ್ಚಾಗಿಯೇ ಬಳಕೆಯಲ್ಲಿದೆ.

ವ್ಯಾಪಾರ ಮತ್ತು ಕಸುಬುಗಳು

1575ರಲ್ಲಿ ರಾಣಿ 1ನೆಯ ಎಲಿಜಬೆತ್ ಪಟ್ಟಣಕ್ಕೆ ಸ್ವಯಮಾಡಳಿತದ ಸನ್ನದನ್ನು ನೀಡಿದಳು. ಉಣ್ಣೆಬಟ್ಟೆ, ಚರ್ಮ, ಮಾಲ್ಟ್ ಮತ್ತು ಧಾನ್ಯಗಳ ವ್ಯಾಪಾರದಿಂದ ಊರು ಬಾಳಿತು. ಸರಕುಗಳ ಸಾಗಾಟವು ಬಹುಮಟ್ಟಿಗೆ ಸೆವರ್ನ್ ನದಿಯ ಹಾಯಿದೋಣಿಗಳ ಮೂಲಕವೇ ನಡೆಯುತ್ತಿತ್ತು. 17ನೆಯ ಶತಮಾನದ ಅಂತರ್ಯುದ್ಧದ ಕಾಲದಲ್ಲಿ ನದಿ ದಾಟುವ ಆಯಕಟ್ಟಿನ ಸ್ಥಳವೆಂಬ ಕಾರಣಕ್ಕೆ ಪಟ್ಟಣವು ರಾಜಪಕ್ಷ ಮತ್ತು ಸಂಸತ್ತಿನ ಪಕ್ಷಗಳ ನಡುವೆ ಹಲವು ಬಾರಿ ಕೈಬದಲಾಯಿತು.

ಟ್ಯೂಕ್ಸ್‌ಬರಿಯ ಸಾಸಿವೆ ಒಂದು ಕಾಲದಲ್ಲಿ ದೇಶಾದ್ಯಂತ ಹೆಸರುವಾಸಿಯಾಗಿತ್ತು. ಅರೆದ ಸಾಸಿವೆಗೆ ಹಾರ್ಸ್‌ರ್ಯಾಡಿಶ್ ಎಂಬ ಘಾಟಿನ ಗೆಡ್ಡೆಯನ್ನು ಬೆರೆಸಿ ಉಂಡೆ ಕಟ್ಟಿ ಒಣಗಿಸಿ ಮಾರುತ್ತಿದ್ದರು. ಕೊಂಡವರು ಅದನ್ನು ನೀರು, ವಿನಿಗರ್ ಅಥವಾ ಸೈಡರ್‌ನಲ್ಲಿ ಕಲಸಿಕೊಂಡು ಬಳಸುತ್ತಿದ್ದರು. ಷೇಕ್ಸ್‌ಪಿಯರನ ನಾಲ್ಕನೆಯ ಹೆನ್ರಿ ನಾಟಕದ ಎರಡನೆಯ ಭಾಗದಲ್ಲಿ ಫಾಲ್‌ಸ್ಟಾಫ್‌ನ ಬಾಯಿಂದ ಈ ಸಾಸಿವೆಯ ಪ್ರಸ್ತಾಪ ಬರುತ್ತದೆ.

18ನೆಯ ಶತಮಾನದಲ್ಲಿ ಮನೆಗಳಲ್ಲಿಯೇ ಚೌಕಟ್ಟು ಯಂತ್ರಗಳಿಂದ ಕಾಲುಚೀಲ ನೇಯುವುದು ಊರಿನ ಮುಖ್ಯ ಕಸುಬಾಯಿತು. 19ನೆಯ ಶತಮಾನದಲ್ಲಿ ಕಾರ್ಖಾನೆಗಳ ಸ್ಪರ್ಧೆಯಿಂದ ಅದು ಕ್ಷೀಣಿಸಿತು. 1840ರಲ್ಲಿ ಬರ್ಮಿಂಗ್‌ಹ್ಯಾಮ್ ಮತ್ತು ಗ್ಲಾಸ್ಟರ್ ನಡುವಿನ ರೈಲುಮಾರ್ಗವು ಪಟ್ಟಣವನ್ನು ಮುಟ್ಟದೆ ಪೂರ್ವಕ್ಕಿರುವ ಆಶ್‌ಚರ್ಚ್‌ನ ಮೂಲಕ ಹಾದುಹೋಯಿತು. ಟ್ಯೂಕ್ಸ್‌ಬರಿಗೆ ದೊರೆತದ್ದು ಒಂದು ಶಾಖಾಮಾರ್ಗ ಮಾತ್ರ. ಮುಖ್ಯಮಾರ್ಗದಿಂದ ದೂರವುಳಿದ ಊರು ಸುತ್ತಲಿನ ನಗರಗಳಂತೆ ದೊಡ್ಡ ಕೈಗಾರಿಕೆಗಳನ್ನು ಕಾಣಲಿಲ್ಲ. 1865ರಲ್ಲಿ ಮಿಲ್ ಏವನ್ ದಂಡೆಯ ಮೇಲೆ ನಿರ್ಮಾಣವಾದ ಹೀಲಿಂಗ್ಸ್ ಹಿಟ್ಟಿನ ಗಿರಣಿಯು ಇದಕ್ಕೆ ಅಪವಾದವಾಗಿತ್ತು. ಈ ಗಿರಣಿಗೆ 20ನೆಯ ಶತಮಾನದಲ್ಲಿಯೂ ಗೋಧಿಯು ದೋಣಿಗಳಲ್ಲಿ ಬರುತ್ತಿತ್ತು. 2006ರಲ್ಲಿ ಗಿರಣಿಯು ಮುಚ್ಚಿತು. ಅದರ ಕೆಂಪು ಇಟ್ಟಿಗೆಯ ಕಟ್ಟಡವು ಇಂದಿಗೂ ನದೀತೀರದ ಪ್ರಮುಖ ಗುರುತಾಗಿದೆ.

ಪಟ್ಟಣದ ವಿನ್ಯಾಸ

ಪಟ್ಟಣದ ಹಳೆಯ ಭಾಗವು ಮೂರು ಬೀದಿಗಳಿಂದ ಕೂಡಿದೆ. ಉತ್ತರದಿಂದ ಹೈ ಸ್ಟ್ರೀಟ್, ಪೂರ್ವದಿಂದ ಬಾರ್ಟನ್ ಸ್ಟ್ರೀಟ್, ನೈಋತ್ಯದಿಂದ ಚರ್ಚ್ ಸ್ಟ್ರೀಟ್ ಬಂದು ಕ್ರಾಸ್ ಎಂಬ ವೃತ್ತದಲ್ಲಿ ಕೂಡುತ್ತವೆ. ಬೀದಿಗಳ ಎರಡೂ ಬದಿಗಳಲ್ಲಿ 15ರಿಂದ 17ನೆಯ ಶತಮಾನದವರೆಗಿನ ಮರದ ಚೌಕಟ್ಟಿನ ಮನೆಗಳಿವೆ. ಇವುಗಳಲ್ಲಿ ಕೆಲವಕ್ಕೆ 18ನೆಯ ಶತಮಾನದಲ್ಲಿ ಇಟ್ಟಿಗೆಯ ಹೊಸ ಮುಖವನ್ನು ಕಟ್ಟಲಾಗಿದ್ದು, ಹಿಂಬದಿಯಲ್ಲಿ ಹಳೆಯ ಮರದ ರಚನೆಯು ಹಾಗೆಯೇ ಉಳಿದಿದೆ.

ಮನೆಗಳ ನಿವೇಶನಗಳು ಅಗಲ ಕಡಿಮೆಯಿದ್ದು ಹಿಂದಕ್ಕೆ ಬಹಳ ಉದ್ದವಾಗಿವೆ. ಜನಸಂಖ್ಯೆ ಹೆಚ್ಚಿದಂತೆ ಊರು ನೆರೆಬಯಲಿನತ್ತ ಹರಡುವಂತಿರಲಿಲ್ಲ. ಆದ್ದರಿಂದ ನಿವಾಸಿಗಳು ತಮ್ಮ ಹಿತ್ತಲುಗಳಲ್ಲಿಯೇ ಸಾಲಾಗಿ ಪುಟ್ಟ ಮನೆಗಳನ್ನು ಕಟ್ಟಿದರು. ಅವುಗಳಿಗೆ ಹೋಗಲು ಮುಂಬದಿಯ ಮನೆಗಳ ಕೆಳಗಿನಿಂದ ಕಿರಿದಾದ ಓಣಿಗಳನ್ನು ಬಿಡಲಾಯಿತು. ಒಂದು ಕಾಲಕ್ಕೆ ಇಂತಹ ಸುಮಾರು 90 ಓಣಿಗಳಿದ್ದವು. ಈಗ ಉಳಿದಿರುವುದು ಸುಮಾರು 30. ಇಂದು ಪ್ರವಾಸಿಗರನ್ನು ಆಕರ್ಷಿಸುವ ಈ ಓಣಿಗಳು 19ನೆಯ ಶತಮಾನದಲ್ಲಿ ಬಡವರ ಇಕ್ಕಟ್ಟಿನ ವಸತಿಗಳಾಗಿದ್ದವು. ಚರಂಡಿ ಮತ್ತು ಶುದ್ಧ ನೀರಿನ ವ್ಯವಸ್ಥೆಯಿಲ್ಲದ ಊರನ್ನು 1832 ಮತ್ತು 1849ರಲ್ಲಿ ಕಾಲರಾ ಕಾಡಿತು.

ಇಂತಹ ಒಂದು ಓಣಿಯಲ್ಲಿರುವ ಹಳೆಯ ಬ್ಯಾಪ್ಟಿಸ್ಟ್ ಪ್ರಾರ್ಥನಾಮಂದಿರವು ಇಂಗ್ಲೆಂಡಿನಲ್ಲಿ ಉಳಿದಿರುವ ಆ ಪಂಥದ ಅತಿ ಹಳೆಯ ಮಂದಿರಗಳಲ್ಲೊಂದು. 15ನೆಯ ಶತಮಾನದ ವಾಸದ ಮನೆಯೊಂದನ್ನು 17ನೆಯ ಶತಮಾನದಲ್ಲಿ ಮಂದಿರವಾಗಿ ಮಾರ್ಪಡಿಸಲಾಯಿತು. ದೀಕ್ಷಾಸ್ನಾನಕ್ಕಾಗಿ ನೆಲದಲ್ಲಿ ನಿರ್ಮಿಸಿದ ಕೊಳವನ್ನು ಇಲ್ಲಿ ಕಾಣಬಹುದು. ಚರ್ಚ್ ಸ್ಟ್ರೀಟ್‌ನಲ್ಲಿ ಆಬಿಗೆ ಹೊಂದಿಕೊಂಡಿರುವ ಉದ್ದನೆಯ ಮನೆಸಾಲು ಇನ್ನೊಂದು ವಿಶೇಷ. 15ನೆಯ ಶತಮಾನದಲ್ಲಿ ಮಠವು ಬಾಡಿಗೆಗೆ ಕೊಡುವುದಕ್ಕಾಗಿ ಕಟ್ಟಿಸಿದ ಈ ಅಂಗಡಿಮನೆಗಳಲ್ಲಿ ಮುಂದಿನ ಕಿಟಕಿಯ ಹಲಗೆಯನ್ನು ಕೆಳಗಿಳಿಸಿದರೆ ಅದೇ ಸರಕು ಹರವುವ ಕಟ್ಟೆಯಾಗುತ್ತಿತ್ತು.

ಟ್ಯೂಕ್ಸ್‌ಬರಿ ಆಬಿ

ಕನ್ಯೆ ಮೇರಿಗೆ ಸಮರ್ಪಿತವಾದ ಆಬಿಯು ಇಂಗ್ಲೆಂಡಿನ ಅತ್ಯುತ್ತಮ ನಾರ್ಮನ್ ಕಟ್ಟಡಗಳಲ್ಲೊಂದು. ಸುಮಾರು 45 ಮೀಟರ್ ಎತ್ತರದ ಅದರ ನಡುಗೋಪುರವನ್ನು ಉಳಿದಿರುವ ನಾರ್ಮನ್ ಗೋಪುರಗಳಲ್ಲಿಯೇ ಅತ್ಯಂತ ದೊಡ್ಡದೆಂದು ಪರಿಗಣಿಸಲಾಗುತ್ತದೆ. ಗೋಪುರದ ಮೇಲಿದ್ದ ಮರದ ಶಿಖರವು 1559ರಲ್ಲಿ ಬಿದ್ದುಹೋಯಿತು. ಪಶ್ಚಿಮದ ಮುಖದಲ್ಲಿ ಸುಮಾರು 20 ಮೀಟರ್ ಎತ್ತರದ ಬೃಹತ್ ಕಮಾನಿದೆ. ಒಳಗಿನ ಸಭಾಂಗಣದಲ್ಲಿ 14 ದುಂಡನೆಯ ಭಾರಿ ಕಂಬಗಳು ಎರಡು ಸಾಲುಗಳಲ್ಲಿ ನಿಂತಿವೆ.

ಚರ್ಚಿನ ಪೂರ್ವಭಾಗವನ್ನು 14ನೆಯ ಶತಮಾನದಲ್ಲಿ ಡಿಸ್ಪೆನ್ಸರ್ ಮನೆತನದವರ ನೆರವಿನಿಂದ ಪುನರ್ನಿರ್ಮಿಸಲಾಯಿತು. ಅಲ್ಲಿನ ಏಳು ಬಣ್ಣದ ಗಾಜಿನ ಕಿಟಕಿಗಳು ಆ ಕಾಲದವು. ಅವುಗಳಲ್ಲಿ ಪ್ರವಾದಿಗಳ ಮತ್ತು ರಾಜರ ಜೊತೆಗೆ ಟ್ಯೂಕ್ಸ್‌ಬರಿಯ ಒಡೆಯರಾಗಿದ್ದ ಸರದಾರರ ಚಿತ್ರಗಳೂ ಇವೆ. 1375ರಲ್ಲಿ ಮೃತನಾದ ಎಡ್ವರ್ಡ್ ಡಿಸ್ಪೆನ್ಸರ್‌ನ ಸ್ಮಾರಕದ ಮೇಲೆ ಮಂಡಿಯೂರಿ ಪ್ರಾರ್ಥಿಸುತ್ತಿರುವ ಯೋಧನ ಶಿಲ್ಪವಿದೆ.

1471ರ ಕದನದಲ್ಲಿ ಮಡಿದ ರಾಜಕುಮಾರ ಎಡ್ವರ್ಡ್‌ನ ನೆನಪಿಗೆ ನೆಲದಲ್ಲಿ ಒಂದು ಹಿತ್ತಾಳೆಯ ಫಲಕವನ್ನು ಕೂರಿಸಲಾಗಿದೆ. ಅದರ ಮೇಲ್ಗಡೆಯ ಛಾವಣಿಯಲ್ಲಿ ಅವನನ್ನು ಸೋಲಿಸಿದ 4ನೆಯ ಎಡ್ವರ್ಡ್‌ನ ಲಾಂಛನವಾದ ಚಿನ್ನದ ಬಣ್ಣದ ಸೂರ್ಯಬಿಂಬಗಳಿವೆ. ಸಂಗ್ರಹಕೋಣೆಯ ಬಾಗಿಲಿನ ಹಿಂಬದಿಗೆ ಹೊಡೆದಿರುವ ಲೋಹದ ತಗಡುಗಳು ಕದನಭೂಮಿಯಲ್ಲಿ ಸಿಕ್ಕ ಕವಚಗಳ ತುಂಡುಗಳೆಂದು ಹೇಳಲಾಗುತ್ತದೆ. 4ನೆಯ ಎಡ್ವರ್ಡ್‌ನ ಸಹೋದರ ಕ್ಲ್ಯಾರೆನ್ಸ್‌ನ ಡ್ಯೂಕ್ ಜಾರ್ಜ್ ಮತ್ತು ಅವನ ಪತ್ನಿ ಇಸಬೆಲ್‌ರ ಸಮಾಧಿಯೂ ಇಲ್ಲಿಯೇ ಇದೆ.

ಕಟ್ಟಡ ಸಂರಕ್ಷಣೆಯ ಇತಿಹಾಸದಲ್ಲಿಯೂ ಆಬಿಗೆ ಸ್ಥಾನವಿದೆ. 1870ರ ದಶಕದಲ್ಲಿ ವಾಸ್ತುಶಿಲ್ಪಿ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಇದರ ಜೀರ್ಣೋದ್ಧಾರವನ್ನು ಕೈಗೊಂಡನು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಕಟ್ಟಡಗಳ ಮೂಲರೂಪವನ್ನೇ ಅಳಿಸಲಾಗುತ್ತಿದೆ ಎಂದು ಆಕ್ಷೇಪಿಸಿ, ಕವಿಯೂ ವಿನ್ಯಾಸಕಾರನೂ ಆಗಿದ್ದ ವಿಲಿಯಂ ಮಾರಿಸ್ 1877ರಲ್ಲಿ ಅಥೀನಿಯಮ್ ಪತ್ರಿಕೆಗೆ ಪತ್ರ ಬರೆದನು. ಅದೇ ವರ್ಷ ಅವನ ಮುಂದಾಳತ್ವದಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘವು ಸ್ಥಾಪನೆಯಾಯಿತು. ಕಟ್ಟಡವನ್ನು ಹೊಸದಾಗಿಸುವ ಬದಲು ಸಕಾಲಿಕ ದುರಸ್ತಿಯಿಂದ ಕಾಪಾಡಬೇಕೆಂಬುದು ಈ ಸಂಘದ ನಿಲುವು.

ಸೆವರ್ನ್ ಹ್ಯಾಮ್

ಸುಮಾರು 70 ಹೆಕ್ಟೇರ್ ವಿಸ್ತಾರದ ಸೆವರ್ನ್ ಹ್ಯಾಮ್ ಪಟ್ಟಣಕ್ಕೆ ಅಂಟಿಕೊಂಡಿದ್ದರೂ ಅದರ ಮೇಲೆ ಮನೆಗಳು ಏಳಲಿಲ್ಲ. ಚಳಿಗಾಲದಲ್ಲಿ ಉಕ್ಕುವ ನದಿಗಳ ನೀರು ಇದರ ಮೇಲೆ ಹರಡಿ, ಹೂಳನ್ನು ಬಿಟ್ಟು ಇಳಿಯುತ್ತದೆ. ಹೀಗೆ ಫಲವತ್ತಾದ ನೆಲದಲ್ಲಿ ಬೇಸಿಗೆಯಲ್ಲಿ ಎತ್ತರವಾಗಿ ಹುಲ್ಲು ಬೆಳೆಯುತ್ತದೆ. ಹುಲ್ಲನ್ನು ಕೊಯ್ದು ಒಣಗಿಸಿದ ನಂತರ ಹಕ್ಕುಳ್ಳವರು ತಮ್ಮ ದನಕುರಿಗಳನ್ನು ಮೇಯಿಸುವ ಪದ್ಧತಿ ಹಿಂದಿನಿಂದ ನಡೆದುಬಂದಿದೆ. ಗೊಬ್ಬರ, ಉಳುಮೆಗಳಿಲ್ಲದೆ ಶತಮಾನಗಳಿಂದ ಉಳಿದುಬಂದ ಇಂತಹ ನೆರೆಗಾವಲುಗಳು ಇಂಗ್ಲೆಂಡಿನಲ್ಲಿ ಈಗ ವಿರಳ. ಆದ್ದರಿಂದ ಇದನ್ನು ವಿಶೇಷ ವೈಜ್ಞಾನಿಕ ಮಹತ್ವದ ತಾಣವೆಂದು ಘೋಷಿಸಿ ರಕ್ಷಿಸಲಾಗಿದೆ.

ನೆರೆಯ ದೃಷ್ಟಿಯಿಂದಲೂ ಹ್ಯಾಮ್ ಮುಖ್ಯವಾದುದು. ಉಕ್ಕಿದ ನೀರಿಗೆ ಹರಡಲು ಸ್ಥಳ ಒದಗಿಸುವ ಮೂಲಕ ಅದು ಪ್ರವಾಹದ ಒಂದು ಪಾಲನ್ನು ತಾತ್ಕಾಲಿಕವಾಗಿ ಹಿಡಿದಿಟ್ಟುಕೊಳ್ಳುತ್ತದೆ.

ಸೇತುವೆಗಳು ಮತ್ತು ಜಲಸಾರಿಗೆ

ಪಟ್ಟಣದ ಉತ್ತರ ತುದಿಯಲ್ಲಿ ಏವನ್ ನದಿಗೆ ಅಡ್ಡಲಾಗಿರುವ ಕಲ್ಲಿನ ಸೇತುವೆಗೆ ಕಿಂಗ್ ಜಾನ್ಸ್ ಬ್ರಿಜ್ ಎಂದು ಹೆಸರು. 12ನೆಯ ಶತಮಾನದ ಕೊನೆಯಲ್ಲಿ ಜಾನ್ ಇದನ್ನು ಕಟ್ಟಿಸಿದನೆಂದು ಹೇಳಲಾಗುತ್ತದೆ. ಮುಂದಿನ ಶತಮಾನಗಳಲ್ಲಿ ಇದನ್ನು ಹಲವು ಬಾರಿ ದುರಸ್ತಿಗೊಳಿಸಿ ವಿಸ್ತರಿಸಲಾಗಿದೆ. ಸೆವರ್ನ್ ನದಿಗೆ ಇಲ್ಲಿ ಬಹುಕಾಲ ಸೇತುವೆಯಿರಲಿಲ್ಲ, ದೋಣಿಗಳಲ್ಲಿಯೇ ದಾಟಬೇಕಾಗಿತ್ತು. ಎಂಜಿನಿಯರ್ ಥಾಮಸ್ ಟೆಲ್‌ಫರ್ಡ್ ವಿನ್ಯಾಸಗೊಳಿಸಿದ ಮೈದ್ ಸೇತುವೆಯು 1826ರಲ್ಲಿ ಸಂಚಾರಕ್ಕೆ ತೆರೆಯಿತು. ಸುಮಾರು 52 ಮೀಟರ್ ಉದ್ದದ ಒಂದೇ ಕಮಾನಿನ ಈ ಎರಕದ ಕಬ್ಬಿಣದ ಸೇತುವೆಯು ಇಂದಿಗೂ ಬಳಕೆಯಲ್ಲಿದೆ. ಇದರ ಇಕ್ಕೆಲಗಳ ಕಲ್ಲುಕಟ್ಟಣೆಯಲ್ಲಿ ಸಣ್ಣ ಕಮಾನುಗಳನ್ನು ಬಿಡಲಾಗಿದ್ದು, ನೆರೆಯ ಕಾಲದಲ್ಲಿ ನೀರು ಅವುಗಳ ಮೂಲಕವೂ ಹರಿದುಹೋಗುತ್ತದೆ.

ಏವನ್ ನದಿಯನ್ನು ಸ್ಟ್ರಾಟ್‌ಫರ್ಡ್‌ವರೆಗೆ ದೋಣಿಸಂಚಾರಕ್ಕೆ ಅನುಕೂಲಗೊಳಿಸುವ ಕಾರ್ಯವನ್ನು ವಿಲಿಯಂ ಸ್ಯಾಂಡಿಸ್ 1636ರಲ್ಲಿ ಕೈಗೊಂಡನು. ರೈಲು ಬಂದ ಮೇಲೆ ಈ ಜಲಮಾರ್ಗವು ಹಾಳುಬಿದ್ದಿತು. 1950ರಲ್ಲಿ ಸ್ಥಾಪನೆಯಾದ ದತ್ತಿ ಸಂಸ್ಥೆಯೊಂದು ಬಹುಮಟ್ಟಿಗೆ ಸ್ವಯಂಸೇವಕರ ಶ್ರಮದಿಂದ ನದಿಯ ಕೆಳಭಾಗವನ್ನು ದುರಸ್ತಿಗೊಳಿಸಿ, 1962ರ ಹೊತ್ತಿಗೆ ಈವ್‌ಶಮ್‌ವರೆಗೆ ಸಂಚಾರವನ್ನು ಪುನರಾರಂಭಿಸಿತು. 1974ರಲ್ಲಿ ಮೇಲ್ಭಾಗವೂ ತೆರೆಯಿತು. ಈಗ ಇಲ್ಲಿ ಸಾಗುವುದು ಮುಖ್ಯವಾಗಿ ವಿಹಾರದೋಣಿಗಳು.

ಪ್ರವಾಹಗಳು

ಸೆವರ್ನ್ ಮತ್ತು ಏವನ್‌ಗಳ ಜಲಾನಯನ ಪ್ರದೇಶಗಳು ಬೇರೆ ಬೇರೆ. ವೇಲ್ಸ್‌ನ ಬೆಟ್ಟಗಳಲ್ಲಿ ಸುರಿದ ಮಳೆಯ ನೀರು ಸೆವರ್ನ್ ಮೂಲಕ ಇಲ್ಲಿಗೆ ತಲುಪಲು ಕೆಲವು ದಿನಗಳೇ ಬೇಕು. ಆದ್ದರಿಂದ ಬಹುತೇಕ ಚಳಿಗಾಲದ ನೆರೆಗಳು ಮುನ್ಸೂಚನೆಯೊಂದಿಗೆ ನಿಧಾನವಾಗಿ ಏರುತ್ತವೆ. ಸೆವರ್ನ್ ತುಂಬಿ ಹರಿಯುವಾಗ ಏವನ್‌ನ ನೀರಿಗೆ ಹೊರಹೋಗಲು ದಾರಿ ಸಾಲದೆ ಅದು ಹಿಂದಕ್ಕೆ ಒತ್ತುತ್ತದೆ. ಎರಡೂ ಒಟ್ಟಿಗೆ ಉಕ್ಕಿದಾಗ ಪಟ್ಟಣವು ಹೆಚ್ಚಿನ ಸಂಕಟಕ್ಕೆ ಸಿಲುಕುತ್ತದೆ. ದೀರ್ಘ ಚಳಿಗಾಲದ ಹಿಮವು ಒಮ್ಮೆಲೇ ಕರಗಿದ 1947ರ ಮಾರ್ಚ್ ತಿಂಗಳ ಪ್ರವಾಹವು 20ನೆಯ ಶತಮಾನದ ಅತಿ ದೊಡ್ಡ ನೆರೆಗಳಲ್ಲೊಂದು.

2007ರ ಪ್ರವಾಹವು ಬೇರೆ ಬಗೆಯದಾಗಿತ್ತು. ಅದು ಬಂದದ್ದು ನಡುಬೇಸಿಗೆಯಲ್ಲಿ. ಜುಲೈ 20ರಂದು ಈ ಪ್ರದೇಶದ ಮೇಲೆ ಅಸಾಧಾರಣ ಮಳೆ ಸುರಿಯಿತು. ಮೊದಲೇ ತೊಯ್ದಿದ್ದ ನೆಲವು ನೀರನ್ನು ಹೀರಲಾರದೆ ಸ್ವಿಲ್ಗೇಟ್, ಕ್ಯಾರಂಟ್ ಮುಂತಾದ ತೊರೆಗಳು ಕೆಲವೇ ಗಂಟೆಗಳಲ್ಲಿ ಉಕ್ಕಿದವು. ಅದರ ಬೆನ್ನಿಗೇ ದೊಡ್ಡ ನದಿಗಳ ನೆರೆಯೂ ಬಂದು ಕೂಡಿತು. ಪಟ್ಟಣಕ್ಕೆ ಬರುವ ರಸ್ತೆಗಳೆಲ್ಲ ಮುಳುಗಿದವು. ಪ್ರವಾಹದ ಸಂದರ್ಭದಲ್ಲಿ ಟ್ಯೂಕ್ಸ್‌ಬರಿಯಲ್ಲಿ ಮೂವರು ಪ್ರಾಣ ಕಳೆದುಕೊಂಡರು. 1760ರ ನಂತರ ಮೊದಲ ಬಾರಿಗೆ ಆಬಿಯೊಳಗೆ ನೀರು ಹೊಕ್ಕಿತೆಂದು ವರದಿಯಾಯಿತು. ಸುತ್ತಲೂ ಕಂದು ನೀರು ಹರಡಿ ನಡುವೆ ಆಬಿಯು ನಿಂತಿರುವ ವೈಮಾನಿಕ ಛಾಯಾಚಿತ್ರವು ಆ ವರ್ಷದ ಬ್ರಿಟನ್ನಿನ ನೆರೆಗಳ ಗುರುತಾಗಿ ಉಳಿಯಿತು.

ಸೆವರ್ನ್ ದಂಡೆಯ ಮೇಲಿರುವ ಮೈದ್ ನೀರು ಶುದ್ಧೀಕರಣ ಕೇಂದ್ರವು ಜುಲೈ 22ರಂದು ಮುಳುಗಿತು. ಇದರಿಂದ ಟ್ಯೂಕ್ಸ್‌ಬರಿ, ಗ್ಲಾಸ್ಟರ್ ಮತ್ತು ಚೆಲ್ಟನ್‌ಹ್ಯಾಮ್ ಸುತ್ತಲಿನ ಸುಮಾರು 3.5 ಲಕ್ಷ ಜನರಿಗೆ ನಲ್ಲಿ ನೀರು ನಿಂತುಹೋಯಿತು. ನೆರೆಯ ನಡುವೆಯೇ ಕುಡಿಯುವ ನೀರಿಗೆ ಪರದಾಡುವ ಪರಿಸ್ಥಿತಿ ಉಂಟಾಯಿತು. ಬೀದಿಗಳಲ್ಲಿ ನೀರಿನ ತೊಟ್ಟಿಗಳನ್ನು ಇರಿಸಿ, ಬಾಟಲಿ ನೀರನ್ನು ಹಂಚಲಾಯಿತು. ಸರಬರಾಜು ಪೂರ್ಣವಾಗಿ ಸರಿಹೋಗಲು 17 ದಿನಗಳವರೆಗೆ ಹಿಡಿಯಿತು.

ಈ ನೆರೆಗಳ ಬಗ್ಗೆ ಸರ್ಕಾರವು ಮೈಕೆಲ್ ಪಿಟ್ ನೇತೃತ್ವದಲ್ಲಿ ನಡೆಸಿದ ಪರಿಶೀಲನೆಯ ಅಂತಿಮ ವರದಿಯು 2008ರಲ್ಲಿ ಪ್ರಕಟವಾಯಿತು. ಅದರಲ್ಲಿ 92 ಶಿಫಾರಸುಗಳಿದ್ದವು. ನದಿಯ ನೆರೆಯಷ್ಟೇ ಮಳೆನೀರು ನೇರವಾಗಿ ನೆಲದ ಮೇಲೆ ಹರಿದು ಉಂಟಾಗುವ ನೆರೆಯನ್ನೂ ಗಂಭೀರವಾಗಿ ಪರಿಗಣಿಸಬೇಕು, ನೀರು ಮತ್ತು ವಿದ್ಯುತ್ ಕೇಂದ್ರಗಳಿಗೆ ರಕ್ಷಣೆ ಒದಗಿಸಬೇಕು ಎಂಬುವು ಇವುಗಳಲ್ಲಿ ಮುಖ್ಯವಾದವು. 2010ರಲ್ಲಿ ನೆರೆ ಮತ್ತು ಜಲ ನಿರ್ವಹಣೆಯ ಕಾಯಿದೆಯು ಜಾರಿಗೆ ಬಂದಿತು. ಮೈದ್ ಕೇಂದ್ರದ ಸುತ್ತ ನೆರೆತಡೆ ಗೋಡೆಯನ್ನು ಕಟ್ಟಲಾಯಿತು. ಆನಂತರವೂ 2014, 2020 ಮತ್ತು 2024ರ ಚಳಿಗಾಲದ ನೆರೆಗಳಲ್ಲಿ ಪಟ್ಟಣವನ್ನು ನೀರು ಸುತ್ತುವರಿದಿತ್ತು.

ಸಾಹಿತ್ಯದಲ್ಲಿ ಟ್ಯೂಕ್ಸ್‌ಬರಿ

ಡೈನಾ ಕ್ರೇಕ್ 1856ರಲ್ಲಿ ಪ್ರಕಟಿಸಿದ ಜಾನ್ ಹ್ಯಾಲಿಫ್ಯಾಕ್ಸ್, ಜಂಟಲ್‌ಮನ್ ಕಾದಂಬರಿಯಲ್ಲಿ ನಾರ್ಟನ್ ಬರಿ ಎಂಬ ಹೆಸರಿನಲ್ಲಿ ಬರುವ ಊರು ಟ್ಯೂಕ್ಸ್‌ಬರಿಯೇ. ಮಿಲ್ ಏವನ್ ದಂಡೆಯ ಆಬಿ ಮಿಲ್ ಗಿರಣಿಯು ಈ ಕಾದಂಬರಿಯ ಮೂಲಕ ಜನಪ್ರಿಯವಾಯಿತು. ಲೇಖಕಿಯ ಸ್ಮಾರಕವು ಆಬಿಯೊಳಗಿದೆ. ಚರ್ಚ್ ಸ್ಟ್ರೀಟ್‌ನ ಹಾಪ್ ಪೋಲ್ ವಸತಿಗೃಹವು ಚಾರ್ಲ್ಸ್ ಡಿಕನ್ಸ್‌ನ ಪಿಕ್‌ವಿಕ್ ಪೇಪರ್ಸ್ ಕೃತಿಯಲ್ಲಿ ಬರುತ್ತದೆ. ಟ್ಯೂಕ್ಸ್‌ಬರಿಯಲ್ಲಿ ಬೆಳೆದ ಲೇಖಕ ಜಾನ್ ಮೂರ್ ತನ್ನ 1945ರ ಪೋರ್ಟ್ರೇಟ್ ಆಫ್ ಎಲ್ಮ್‌ಬರಿ ಕೃತಿಯಲ್ಲಿ ಊರಿನ ಬೀದಿ, ಓಣಿ, ನದಿಗಳನ್ನೂ ಜನಜೀವನವನ್ನೂ ಎಲ್ಮ್‌ಬರಿ ಎಂಬ ಕಲ್ಪಿತ ಹೆಸರಿನಲ್ಲಿ ಚಿತ್ರಿಸಿದ್ದಾನೆ. ಚರ್ಚ್ ಸ್ಟ್ರೀಟ್‌ನಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯವಿದೆ.

ಅಂಟಾರ್ಕ್ಟಿಕ ಖಂಡಕ್ಕೆ ಶ್ಯಾಕಲ್ಟನ್ ಮತ್ತು ಸ್ಕಾಟ್‌ರ ಸಾಹಸಯಾನಗಳಲ್ಲಿ ಪಾಲ್ಗೊಂಡ ಭೂವಿಜ್ಞಾನಿ ರೇಮಂಡ್ ಪ್ರೀಸ್ಟ್‌ಲಿ 1886ರಲ್ಲಿ ಟ್ಯೂಕ್ಸ್‌ಬರಿಯಲ್ಲಿ ಜನಿಸಿದನು.

ಇಂದಿನ ಪಟ್ಟಣ

ಪ್ರವಾಸೋದ್ಯಮವು ಪಟ್ಟಣದ ಆರ್ಥಿಕತೆಯಲ್ಲಿ ಪ್ರಮುಖ ಪಾತ್ರ ವಹಿಸುತ್ತದೆ. ಪ್ರತಿವರ್ಷ ಜುಲೈ ತಿಂಗಳಿನಲ್ಲಿ ನಡೆಯುವ ಮಧ್ಯಯುಗದ ಉತ್ಸವದಲ್ಲಿ 1471ರ ಕದನವನ್ನು ವೇಷಧಾರಿಗಳು ಮರುಪ್ರದರ್ಶಿಸುತ್ತಾರೆ. ಬೇಸಿಗೆಯುದ್ದಕ್ಕೂ ಬೀದಿಗಳ ಕಟ್ಟಡಗಳ ಮೇಲೆ ಕದನದಲ್ಲಿ ಭಾಗವಹಿಸಿದ್ದ ಸರದಾರರ ಲಾಂಛನಗಳ ಧ್ವಜಗಳನ್ನು ಹಾರಿಸಲಾಗುತ್ತದೆ. ಕದನಭೂಮಿಯು ಇಂಗ್ಲೆಂಡಿನ ಐತಿಹಾಸಿಕ ಯುದ್ಧಭೂಮಿಗಳ ಅಧಿಕೃತ ಪಟ್ಟಿಯಲ್ಲಿ ಸೇರಿದೆ.

ಪಟ್ಟಣದ ಶಾಖಾ ರೈಲುಮಾರ್ಗದಲ್ಲಿ ಪ್ರಯಾಣಿಕರ ಸಂಚಾರವು 1961ರಲ್ಲಿ ನಿಂತಿತು. ಮುಖ್ಯಮಾರ್ಗದ ಆಶ್‌ಚರ್ಚ್ ನಿಲ್ದಾಣವು 1971ರಲ್ಲಿ ಮುಚ್ಚಿ, 1997ರಲ್ಲಿ ಮತ್ತೆ ತೆರೆಯಿತು. ಎಂ5 ಹೆದ್ದಾರಿಯೂ ಪಟ್ಟಣದ ಪೂರ್ವಕ್ಕೆ ಹಾದುಹೋಗುತ್ತದೆ. ನದಿಗಳಿಂದಾಗಿ ಪಶ್ಚಿಮಕ್ಕೆ ಬೆಳೆಯಲಾಗದ ಪಟ್ಟಣದ ಹೊಸ ಬಡಾವಣೆಗಳೂ ಕೈಗಾರಿಕಾ ಪ್ರದೇಶಗಳೂ ಈ ದಿಕ್ಕಿನಲ್ಲಿಯೇ ಹಬ್ಬಿವೆ. ಆಶ್‌ಚರ್ಚ್ ಸುತ್ತ ಸುಮಾರು 10 ಸಾವಿರ ಮನೆಗಳ ಗಾರ್ಡನ್ ಟೌನ್ ಯೋಜನೆಗೆ 2019ರಲ್ಲಿ ಸರ್ಕಾರದ ಬೆಂಬಲ ದೊರೆಯಿತು. ಅದರ ಅಂಗವಾಗಿ ರೈಲುಮಾರ್ಗದ ಮೇಲೆ ರಸ್ತೆ ಸೇತುವೆಯೊಂದಕ್ಕೆ ಟ್ಯೂಕ್ಸ್‌ಬರಿ ಬರೋ ಆಡಳಿತವು ನೀಡಿದ್ದ ಅನುಮತಿಯನ್ನು ಆಶ್‌ಚರ್ಚ್‌ನ ಗ್ರಾಮಮಂಡಳಿಯು ನ್ಯಾಯಾಲಯದಲ್ಲಿ ಪ್ರಶ್ನಿಸಿತು. ಸೇತುವೆಯನ್ನು ಕಟ್ಟುವುದೇ ಮುಂದಿನ ಮನೆಗಳಿಗಾಗಿ ಎಂದ ಮೇಲೆ, ಆ ಮನೆಗಳಿಂದಾಗುವ ಪರಿಸರ ಪರಿಣಾಮವನ್ನು ಬಿಟ್ಟು ಸೇತುವೆಯನ್ನು ಮಾತ್ರ ಪರಿಶೀಲಿಸಿದ್ದು ಸರಿಯಲ್ಲವೆಂದು 2023ರಲ್ಲಿ ಮೇಲ್ಮನವಿ ನ್ಯಾಯಾಲಯವು ತೀರ್ಪು ನೀಡಿ ಅನುಮತಿಯನ್ನು ರದ್ದುಪಡಿಸಿತು. ಕ್ಯಾರಂಟ್ ಮತ್ತು ಸ್ವಿಲ್ಗೇಟ್ ತೊರೆಗಳು ಪೂರ್ವದ ಬಯಲುಗಳ ಮಳೆನೀರನ್ನು ಪಟ್ಟಣದತ್ತ ತರುತ್ತವೆ. ಆದ್ದರಿಂದ ಹೊಸ ಬಡಾವಣೆಗಳ ನೀರು ಎಲ್ಲಿ ಇಂಗಬೇಕು, ಎಲ್ಲಿಗೆ ಹರಿಯಬೇಕು ಎಂಬುದು ಟ್ಯೂಕ್ಸ್‌ಬರಿಯ ಪ್ರತಿಯೊಂದು ವಿಸ್ತರಣೆಯೊಂದಿಗೆ ಎದುರಾಗುವ ಪ್ರಶ್ನೆಯಾಗಿದೆ.